ಮನೆಯ ಸೌರವಿದ್ಯುತ್ ಘಟಕ ಮೇಲ್ದರ್ಜೆಗೇರಿಸುವ ಖರ್ಚಿಗೆ ಆದಾಯ ತೆರಿಗೆ ರಿಯಾಯಿತಿ ಕೋರಿ ಮನವಿ

ಇವರಿಗೆ: ಕಾರ್ಯದರ್ಶಿಗಳು, ಕಂದಾಯ ಇಲಾಖೆ, ಕೇಂದ್ರ ಹಣಕಾಸು ಸಚಿವಾಲಯ, ನವದೆಹಲಿ
ಅರ್ಜಿದಾರರು: ಕರ್ನಾಟಕದ ಗೃಹ ಸೌರವಿದ್ಯುತ್ ಬಳಕೆದಾರರು

ಮನೆಯ ತಾರಸಿಯ ಮೇಲೆ ಮೊದಲ ಸಲ ಸೌರಫಲಕ ಹಾಕಿಸುವವರಿಗೆ 2024ರ ಫೆಬ್ರವರಿಯಲ್ಲಿ ಆರಂಭವಾದ ಪಿಎಂ ಸೂರ್ಯ ಘರ್ ಯೋಜನೆಯಡಿ ಸಹಾಯಧನ ಸಿಗುತ್ತದೆ. ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000 ರೂಪಾಯಿ. ಒಟ್ಟು 78,000 ದಾಟುವಂತಿಲ್ಲ. ಮೂರು ಕಿಲೋವ್ಯಾಟ್ ಇರುವ ಮನೆ ಐದಕ್ಕೆ ಏರಿದರೆ ಹೆಚ್ಚುವರಿಗೆ ಒಂದು ರೂಪಾಯಿಯೂ ಇಲ್ಲ. ಫಲಕಗಳು 25 ವರ್ಷ ಬಾಳಿದರೂ ಇನ್ವರ್ಟರ್ ಸಾಮಾನ್ಯವಾಗಿ ಹತ್ತು, ಹನ್ನೆರಡು ವರ್ಷಕ್ಕೇ ಬದಲಾಗಬೇಕು. ಆ ಹೊರೆಯೂ ಮನೆಯವರದೇ.

ಇದೇ ಫಲಕ ಕಾರ್ಖಾನೆಯ ಚಾವಣಿಯ ಮೇಲಿದ್ದರೆ ಲೆಕ್ಕ ಬೇರೆ. ಆದಾಯ ತೆರಿಗೆ ನಿಯಮಗಳಡಿ ಉದ್ದಿಮೆಗೆ ಸೌರ ಉಪಕರಣದ ಮೇಲೆ ವರ್ಷಕ್ಕೆ ಶೇ. 40 ಸವಕಳಿ ಸಿಗುತ್ತದೆ. ಲಕ್ಷ ರೂಪಾಯಿ ಹಾಕಿದರೆ ಮೊದಲ ವರ್ಷ 40,000, ಮರುವರ್ಷ 24,000 ಆದಾಯದಿಂದ ಕಳೆಯಬಹುದು. ಸಂಬಳದಾರನ ತಾರಸಿಗೆ ಈ ಸವಲತ್ತಿಲ್ಲ. ಒಂದೇ ಬಿಸಿಲಿಗೆ ಎರಡು ಲೆಕ್ಕ. ವಿದ್ಯುತ್ ವಾಹನದ ಸಾಲದ ಬಡ್ಡಿಗೆ ಸೆಕ್ಷನ್ 80ಇಇಬಿ ಅಡಿ ವರ್ಷಕ್ಕೆ ಒಂದೂವರೆ ಲಕ್ಷದವರೆಗೆ ಕಡಿತ ಕೊಟ್ಟ ಸರ್ಕಾರ, ಆ ವಾಹನವನ್ನು ಚಾರ್ಜ್ ಮಾಡುವ ಫಲಕವನ್ನು ಮರೆತದ್ದು ವಿಚಿತ್ರ.

ಅಮೆರಿಕದ ಅನುಭವದಲ್ಲಿ ಕಲಿಯುವುದೂ ಇದೆ, ಎಚ್ಚರ ವಹಿಸಬೇಕಾದದ್ದೂ ಇದೆ. ಅಲ್ಲಿ 2005ರ ಕಾಯಿದೆಯಿಂದ ಬಂದ ಗೃಹ ಸೌರ ತೆರಿಗೆ ರಿಯಾಯಿತಿಯಲ್ಲಿ ಖರ್ಚಿನ ಶೇ. 30ರಷ್ಟನ್ನು ನೇರವಾಗಿ ತೆರಿಗೆಯಿಂದಲೇ ಕಳೆಯಲಾಗುತ್ತಿತ್ತು. ನಡುವೆ ದರ ಶೇ. 26ಕ್ಕೆ ಇಳಿದು ಮತ್ತೆ ಏರಿತು. ಹಳೆಯ ಘಟಕಕ್ಕೆ ಸೇರಿಸಿದ ಹೊಸ ಫಲಕಗಳೂ, 2023ರಿಂದ ಕನಿಷ್ಠ ಮೂರು ಕಿಲೋವ್ಯಾಟ್-ಗಂಟೆಯ ಬ್ಯಾಟರಿಯೂ ಅದರ ವ್ಯಾಪ್ತಿಗೆ ಬಂದವು. ಖರ್ಚು ಮಾಡಿದ ವರ್ಷದ ತೆರಿಗೆಗಿಂತ ರಿಯಾಯಿತಿ ಹೆಚ್ಚಾದರೆ ಉಳಿದದ್ದು ಮುಂದಿನ ವರ್ಷಕ್ಕೆ ಸಾಗುತ್ತಿತ್ತು. ಶೇ. 30ರ ದರ 2032ರವರೆಗೆ ಇರುವುದೆಂದು 2022ರಲ್ಲಿ ಭರವಸೆ ಸಿಕ್ಕಿತ್ತು. 2025ರ ಜುಲೈನಲ್ಲಿ ಸಹಿಯಾದ ಕಾಯಿದೆ ಅದನ್ನು ಅದೇ ವರ್ಷದ ಡಿಸೆಂಬರ್ 31ಕ್ಕೇ ಮುಗಿಸಿತು. ಅವಧಿ ನಂಬಿ ಯೋಜನೆ ಹಾಕಿದವರು ನಡುದಾರಿಯಲ್ಲಿ ಉಳಿದರು.

ಆದ್ದರಿಂದ ಫಲಕ ಹೆಚ್ಚಿಸುವ, ಇನ್ವರ್ಟರ್ ಬದಲಿಸುವ, ಬ್ಯಾಟರಿ ಜೋಡಿಸುವ ಖರ್ಚಿನಲ್ಲಿ ಸಹಾಯಧನ ಕಳೆದು ಮನೆಯವರು ಸ್ವತಃ ಭರಿಸಿದ ಮೊತ್ತದ ಶೇ. 30ರಷ್ಟನ್ನು ಆದಾಯ ತೆರಿಗೆಯಿಂದ ಕಳೆಯಲು ಅವಕಾಶ ಬೇಕು. ಇದು ಹಳೆಯ ತೆರಿಗೆ ಪದ್ಧತಿಗಷ್ಟೇ ಸೀಮಿತವಾದರೆ ಪ್ರಯೋಜನ ಕಡಿಮೆ. ಹೊಸ ಪದ್ಧತಿಯವರಿಗೂ ಸಿಗಬೇಕು. ಬಳಕೆಯಾಗದ ಮೊತ್ತ ಮೂರು ವರ್ಷವಾದರೂ ಮುಂದಕ್ಕೆ ಹೋಗಬೇಕು. ಪುರಾವೆಗೆ ಜಿಎಸ್‌ಟಿ ಬಿಲ್ ಮತ್ತು ವಿದ್ಯುತ್ ಸರಬರಾಜು ಕಂಪನಿಯ ದೃಢೀಕರಣ ಪತ್ರ, ಇವೆರಡೇ ಸಾಕಾಗಬೇಕು. ತಾರಸಿ ದುರಸ್ತಿ, ಬಣ್ಣದ ಖರ್ಚನ್ನು ಇದರಲ್ಲಿ ತೂರಿಸಲು ಅವಕಾಶ ಬೇಡ. ಎಲ್ಲಕ್ಕಿಂತ ಮುಖ್ಯವಾಗಿ, ಅವಧಿಯನ್ನು ಕಾನೂನಿನಲ್ಲೇ ನಮೂದಿಸಿ, ಅದು ಮುಗಿಯುವ ಮುನ್ನ ಹಿಂಪಡೆಯುವುದಿಲ್ಲವೆಂಬ ಖಾತರಿ ಕೊಡಬೇಕು.

ಕರ್ನಾಟಕದಲ್ಲಿ ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆಯಡಿ ತಿಂಗಳಿಗೆ 200 ಯೂನಿಟ್‌ವರೆಗೆ ವಿದ್ಯುತ್ ಉಚಿತ. ಫಲಕ ಹೆಚ್ಚಿಸಲು ಮುಂದಾಗುವವರು ಬಹುತೇಕ ಅದಕ್ಕಿಂತ ಹೆಚ್ಚು ಬಳಸಿ ಪೂರ್ತಿ ಬಿಲ್ ಕಟ್ಟುವವರು, ಅವರಲ್ಲಿ ಹಲವರು ಆದಾಯ ತೆರಿಗೆಯನ್ನೂ ಕಟ್ಟುವವರು. ಮುಂದಿನ ಬಜೆಟ್‌ನ ಹಣಕಾಸು ಮಸೂದೆಯಲ್ಲೇ ಈ ಬೇಡಿಕೆಗಳಿಗೆ ಜಾಗ ಕೊಡಬೇಕೆಂದು ಇಲಾಖೆಯನ್ನು ಕೋರಲಾಗಿದೆ.