ತಪ್ಪಿಹೋಗುವ ಭಯವೂ ಪರಿಗ್ರಹವೇ

ಅರವತ್ತು ದಾಟಿದ ನಮ್ಮ ಶ್ರಾವಕ-ಶ್ರಾವಿಕೆಯರಲ್ಲಿ ಒಂದು ವಿಲಕ್ಷಣವಾದ ಆತುರ ಬೆಳೆಯುತ್ತಿದೆ. ಕಾಣದ ಕ್ಷೇತ್ರ ಕಾಣದೆಯೇ ಉಳಿದೀತು, ಎಲ್ಲರೂ ಪಡೆದ ಪುಣ್ಯ ತಮಗೊಬ್ಬರಿಗೇ ತಪ್ಪೀತು ಎಂಬ ಆತುರವದು. ನೆರೆಮನೆಯವರು ಸಮ್ಮೇದ ಶಿಖರಜಿಗೆ ಹೋಗಿಬಂದು ಮೊಬೈಲಿನಲ್ಲಿ ಚಿತ್ರ ತೋರಿಸಿದರೆ ಸಾಕು, ಇವರಿಗೆ ಅಂದಿನಿಂದ ನಿದ್ದೆಯಿಲ್ಲ. ಸಮಾಜ ಇದನ್ನು ಭಕ್ತಿಯೆಂದು ಕೊಂಡಾಡುತ್ತಿದೆ. ಇದು ಭಕ್ತಿಯಲ್ಲ, ಮುಪ್ಪಿನಲ್ಲಿ ವೇಷ ಬದಲಿಸಿ ಬಂದ ಲೋಭ.

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಪರಿಗ್ರಹವನ್ನು ವಸ್ತುವಿನಿಂದ ಅಳೆಯಲಿಲ್ಲ, ಮೂರ್ಛೆಯಿಂದ ಅಳೆದರು. ಯೌವನದಲ್ಲಿ ಹೊಲ-ಮನೆ ಕೂಡಿಟ್ಟ ಮನಸ್ಸೇ ಈಗ ಯಾತ್ರೆಗಳನ್ನು ಕೂಡಿಡತೊಡಗಿದರೆ ಅದರ ಹೆಸರು ಬದಲಾಗುವುದಿಲ್ಲ. ಅದೇ ಗ್ರಂಥ ಸಲ್ಲೇಖನಕ್ಕೆ ಐದು ಅತಿಚಾರಗಳನ್ನು ಹೇಳುವಾಗ ಮೊದಲು ಎಣಿಸುವುದು ಜೀವಿತಾಶಂಸೆಯನ್ನು, ಅಂದರೆ ಇನ್ನೂ ಬದುಕಬೇಕೆಂಬ ಹಂಬಲವನ್ನು. ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕ 1993, 2006, 2018ರಲ್ಲಿ ನಡೆಯಿತು. ಹನ್ನೆರಡು ವರ್ಷಗಳ ರೂಢಿಯಂತೆ ಮುಂದಿನದು 2030ರ ಸುಮಾರಿಗೆ ಬರಬೇಕು. “ಅದೊಂದನ್ನು ನೋಡಿ ಕಣ್ಣು ಮುಚ್ಚಿದರೆ ಸಾಕು” ಎಂಬ ಮಾತು ಕೇಳಲು ಇಂಪು. ಆದರೆ ಎಂಬತ್ತರ ಹಿರಿಯರು ತಮ್ಮ ಆಯುಷ್ಯವನ್ನು ಒಂದು ಇಸವಿಯ ಗೂಟಕ್ಕೆ ಕಟ್ಟಿ ಕುಳಿತರೆ ಅದು ಜೀವಿತಾಶಂಸೆಯಲ್ಲದೆ ಮತ್ತೇನು? ಸಲ್ಲೇಖನ ಇನ್ನೂ ದೂರವಿದೆ ಎನ್ನುವವರು ಅದರ ಸಿದ್ಧತೆ ಯಾವಾಗ ಆರಂಭವಾಗುತ್ತದೆಂದು ಹೇಳಲಿ.

ಗೃಹಸ್ಥನಿಗೆ ನಮ್ಮ ಆಚಾರ್ಯರು ದಿಗ್ವ್ರತವನ್ನು ವಿಧಿಸಿದ್ದಾರೆ. ಇಂಥ ನದಿಯಿಂದಾಚೆ, ಇಂಥ ಬೆಟ್ಟದಿಂದಾಚೆ ಹೋಗೆನೆಂದು ಬಾಳಿನುದ್ದಕ್ಕೂ ಎಲ್ಲೆ ಹಾಕಿಕೊಳ್ಳುವ ವ್ರತವದು. ಹಾಕಿದ ಎಲ್ಲೆಯನ್ನು ಆಮೇಲೆ ಹಿಗ್ಗಿಸುವುದಕ್ಕೆ ಕ್ಷೇತ್ರವೃದ್ಧಿಯೆಂಬ ಅತಿಚಾರದ ಹೆಸರೇ ಇದೆ. ಈ ವ್ರತ ಲೌಕಿಕ ವ್ಯವಹಾರಕ್ಕೆ, ತೀರ್ಥಯಾತ್ರೆಗಲ್ಲ ಎಂದು ವಾದಿಸುವವರುಂಟು. ಒಪ್ಪೋಣ. ಆದರೆ ಸಾಕು ಎನ್ನುವ ಅಭ್ಯಾಸವನ್ನು ಕಲಿಸಲು ಹುಟ್ಟಿದ ವ್ರತವನ್ನು ಓದಿಯೂ ಸಾಕು ಎನ್ನಲು ಬಾರದಿದ್ದರೆ ಓದಿದ್ದರ ಫಲವೇನು? ಶಿಖರಜಿಯ ಹತ್ತುವ, ಸುತ್ತುವ, ಇಳಿಯುವ ದಾರಿ ಒಟ್ಟು 27 ಕಿಲೋಮೀಟರು. ಮಂಡಿ ಸವೆದವರನ್ನು ಡೋಲಿಯಲ್ಲಿ ಹೊರಿಸುತ್ತೇವೆ. (ಹೊರುವವನ ಹೆಗಲಿಗೂ ನೋವುಂಟೆಂಬುದನ್ನು ಅಹಿಂಸೆಯ ಉಪನ್ಯಾಸಗಳಲ್ಲಿ ಯಾರೂ ಎತ್ತುವುದಿಲ್ಲ.)

ಹಿರಿಯರನ್ನಷ್ಟೇ ದೂಷಿಸಿದರೆ ಅನ್ಯಾಯವಾದೀತು. ಈ ಭಯಕ್ಕೆ ನೀರೆರೆಯುವವರಲ್ಲಿ ನಮ್ಮ ಟ್ರಸ್ಟುಗಳೂ ಸೇರಿವೆ. “ಇಂಥ ಸುಯೋಗ ಮತ್ತೆ ಒದಗದು” ಎಂಬ ಒಕ್ಕಣೆಯಿಲ್ಲದ ಆಮಂತ್ರಣ ಪತ್ರಿಕೆ ಅಪರೂಪ. ಕಲಶಗಳ ಸವಾಲಿನಲ್ಲಿ ಹಿರಿಯರ ಮುಖ ನೋಡಿ, ಮುಂದಿನ ಬಾರಿಗೆ ತಾವಿರುತ್ತೀರೋ ಇಲ್ಲವೋ ಎಂಬುದನ್ನು ಬಾಯಿಬಿಟ್ಟು ಹೇಳದಿದ್ದರೂ ಅರ್ಥವಾಗುವಂತೆ ಕೂಗುತ್ತಾರೆ. ಔಷಧಿಗೆಂದು ಇಟ್ಟ ಹಣ ಹೀಗೆ ಕೈಬಿಡುತ್ತದೆ. ಕೊಡುವುದು ದಾನ, ಹೆದರಿಸಿ ಕೊಡಿಸಿದ್ದು ದಾನವಲ್ಲ. ಚಾವುಂಡರಾಯನ ಕೊಡಗಟ್ಟಲೆ ಹಾಲು ಗೊಮ್ಮಟನ ಪಾದ ಮುಟ್ಟಲಿಲ್ಲ, ಗುಳ್ಳಕಾಯಜ್ಜಿಯ ಬೊಗಸೆ ಹಾಲು ಮುಟ್ಟಿತು ಎಂಬ ಕಥೆಯನ್ನು ಮಕ್ಕಳಿಗೆ ಹೇಳುವ ನಾವೇ ಮೊದಲ ಕಲಶಕ್ಕೆ ಪೈಪೋಟಿ ನಡೆಸುತ್ತೇವೆ. ಆ ಅಜ್ಜಿ ಸರದಿಗಾಗಿ ಹೆದರಿದ್ದಳೆಂದು ಯಾರೂ ಹೇಳಿಲ್ಲ.

ಇತ್ತ ಊರಿನ ಬಸದಿಯನ್ನು ನೋಡಿ. ಬೆಳಗಿನ ಅಭಿಷೇಕಕ್ಕೆ ಪುರೋಹಿತರ ಹೊರತು ಇನ್ನೊಬ್ಬರಿಲ್ಲದ ದಿನಗಳು ಹೆಚ್ಚುತ್ತಿವೆ. ನಡೆದು ಹೋಗುವಷ್ಟು ಹತ್ತಿರದಲ್ಲಿರುವ ಜಿನಬಿಂಬ ಎಂದೂ ತಪ್ಪಿಹೋಗದು. ಆದ್ದರಿಂದಲೇ ಅದಕ್ಕೆ ಬೆಲೆಯಿಲ್ಲ! ಟ್ರಸ್ಟುಗಳು ಯಾತ್ರೆಯ ಬಸ್ಸಿಗೆ ತೋರುವ ಉತ್ಸಾಹದಲ್ಲಿ ಕಾಲುಭಾಗವನ್ನು ಈ ಬಸದಿಗಳ ಕಡೆ ತಿರುಗಿಸಲಿ. ಮೆಟ್ಟಿಲಿಗೆ ಕೈಹಿಡಿ ಹಾಕಿಸಲಿ, ಕುಳಿತು ಸಾಮಾಯಿಕ ಮಾಡಲು ಹಿರಿಯರಿಗೆ ಬೆಳಕಿರುವ ಒಂದು ಮೂಲೆಯನ್ನು ಒದಗಿಸಲಿ. ಮುಂದಿನ ಆಮಂತ್ರಣ ಅಚ್ಚಿಗೆ ಹೋಗುವ ಮುನ್ನ “ಮತ್ತೆ ಒದಗದು” ಎಂಬ ಸಾಲನ್ನು ಹೊಡೆದುಹಾಕಲಿ.