ಹಿಂಬಾಗಿಲಿನ ಐದನೆಯ ಚಕ್ರ

ಜೀಪಿನ ಹಿಂಬಾಗಿಲ ಮೇಲೆ ಗವಸು ತೊಟ್ಟು ಕುಳಿತಿರುವ ದುಂಡನೆಯ ಆಕೃತಿಯನ್ನು ಕಾಣದ ನಗರವಾಸಿಗಳು ವಿರಳ. ಗವಸಿನ ಮೇಲೆ ಕೆಲವೊಮ್ಮೆ ಹುಲಿಯ ಮುಖ, ಕೆಲವೊಮ್ಮೆ ಮನೆದೇವರ ಹೆಸರು, ಮತ್ತೆ ಕೆಲವೊಮ್ಮೆ ಮನೆಯ ಮಕ್ಕಳ ಹೆಸರು. ನೋಡುವವರ ಕಣ್ಣಿಗೆ ಅದೊಂದು ತಿಲಕ. ಹಣೆ ಬೆನ್ನಿನ ಕಡೆಗಿದೆಯೆಂಬುದೊಂದೇ ವಿಶೇಷ. ಆದರೆ ಆ ಬಾಗಿಲಿಗೆ ಬಾಯಿ ಬಂದಿದ್ದರೆ ಅದು ಅಲಂಕಾರದ ಮಾತನ್ನು ಬಿಟ್ಟು ತೂಕದ ಮಾತನ್ನೇ ಆಡುತ್ತಿತ್ತು.

ಮರದ ಗಾಲಿಗೆ ಮುಳ್ಳಿನ ಭಯವಿರಲಿಲ್ಲ. ಕರ್ಣನ ರಥಚಕ್ರವನ್ನು ಭೂಮಿ ನುಂಗಿತೇ ಹೊರತು ಮೊಳೆ ಚುಚ್ಚಲಿಲ್ಲ. ಅವನ ಬಳಿ ಐದನೆಯದೊಂದು ಚಕ್ರವಿದ್ದರೂ ಆ ಸಂಕಟಕ್ಕೆ ಅದು ಒದಗುತ್ತಿರಲಿಲ್ಲ. ಗಾಳಿಯನ್ನು ನಂಬಿ ಹೊರಟ ಮೋಟಾರು ಗಾಡಿಗೆ ಮಾತ್ರ ಈ ಭಯ ಹುಟ್ಟಿನಿಂದಲೇ ಅಂಟಿಕೊಂಡಿತು. ವೇಲ್ಸ್ ನಾಡಿನ ಲಾನೆಲ್ಲಿ ಪಟ್ಟಣದಲ್ಲಿ ಡೇವಿಸ್ ಎಂಬವರು 1904ರಲ್ಲಿ ಇದಕ್ಕೊಂದು ಪರಿಹಾರ ಹುಡುಕಿದರು. ಅದು ಗಾಳಿ ತುಂಬಿದ ಟೈರನ್ನು ಹೊತ್ತ, ಅರೆಕಾಲುಗಳಿಲ್ಲದ ಒಂದು ಬಳೆ. ಗಾಳಿ ಹೋದ ಚಕ್ರದ ಪಕ್ಕಕ್ಕೆ ಅದನ್ನು ಬಿಗಿದು ಪ್ರಯಾಣ ಮುಂದುವರಿಸಬಹುದಾಗಿತ್ತು. ಅವರ ವ್ಯಾಪಾರವಿದ್ದ ಬೀದಿಯ ಹೆಸರು ಸ್ಟೆಪ್ನಿ. ಆ ಬೀದಿಯನ್ನು ಕಾಣದ ನಮ್ಮ ಚಾಲಕರೂ ಮೆಕ್ಯಾನಿಕ್ಕರೂ ಅದರ ಹೆಸರನ್ನು ಇಂದಿಗೂ ದಿನಕ್ಕೆ ಹತ್ತು ಸಲ ಉಚ್ಚರಿಸುತ್ತಾರೆ.

ಹೆಚ್ಚಿನ ಚಕ್ರ ಬಂದಮೇಲೆ ಅದನ್ನು ಎಲ್ಲಿ ಇಡಬೇಕೆಂಬ ಪ್ರಶ್ನೆಯೂ ಬಂದಿತು. ಪಕ್ಕದ ಮೆಟ್ಟಿಲ ಮೇಲೆ, ಬೆನ್ನಿನ ಮೇಲೆ, ಡಿಕ್ಕಿಯೊಳಗೆ, ಹೊಟ್ಟೆಯಡಿಯಲ್ಲಿ, ಹೀಗೆ ಅದು ಅಲೆಯದ ಸ್ಥಳವಿಲ್ಲ. ಎರಡನೆಯ ಮಹಾಯುದ್ಧದ ವಿಲ್ಲಿಸ್ ಜೀಪಿನಲ್ಲಿ ಅದು ಹಿಂಭಾಗದ ತಗಡಿನ ಮೇಲೆಯೇ ಇತ್ತು. ಅಲ್ಲಿ ತೆರೆಯುವ ಬಾಗಿಲಿರಲಿಲ್ಲವಾದ್ದರಿಂದ ಯಾರಿಗೂ ಅಡ್ಡಿಯಿರಲಿಲ್ಲ. 1945ರಲ್ಲಿ ಅದೇ ಜೀಪು ನಾಗರಿಕ ವೇಷ ತೊಟ್ಟು, ರೈತನ ಸಾಮಾನು ಹೇರುವುದಕ್ಕಾಗಿ ಹಿಂದೆ ಬಾಗಿಲನ್ನು ಪಡೆದೊಡನೆ ಚಕ್ರವನ್ನು ಪಕ್ಕಕ್ಕೆ ಸರಿಸಿದರು. ತೆರೆಯುವ ವಸ್ತುವಿಗೆ ಹೊರೆ ಕಟ್ಟಬಾರದೆಂಬ ವಿವೇಕ ಅದರಲ್ಲಿ ಕಾಣುತ್ತದೆ. ಮುಂದೆ, ಪಕ್ಕಕ್ಕೆ ತೆರೆಯುವ ಬಾಗಿಲನ್ನೂ ಗಟ್ಟಿ ಕೀಲುಗಳನ್ನೂ ರೂಪಿಸಿದ ಮೇಲೆ, 1979ರ ಮರ್ಸಿಡಿಸ್ ಜಿ, 1985ರ ಮಾರುತಿ ಜಿಪ್ಸಿ ಮೊದಲಾದವುಗಳಲ್ಲಿ ಚಕ್ರ ಬಾಗಿಲನ್ನೇರಿತು. ಒಳಗೆ ಜಾಗ ಉಳಿಯಿತು. ಕೆಸರಿನಲ್ಲಿ ಮಲಗಿ ಗಾಡಿಯಡಿಗೆ ಕೈಹಾಕುವ ಕಷ್ಟವೂ ತಪ್ಪಿತು.

ಈ ಸುಖದ ಬೆಲೆಯನ್ನು ತೆರುವುದು ಕೀಲು. ಚಕ್ರದ ತೂಕ 20 ಕಿಲೋ, ಅದರ ನಡುಬಿಂದು ಕೀಲಿನಿಂದ 60 ಸೆಂಟಿಮೀಟರು ದೂರ, ಮೇಲಿನ ಕೀಲಿಗೂ ಕೆಳಗಿನದಕ್ಕೂ ನಡುವೆ 40 ಸೆಂಟಿಮೀಟರು ಅಂತರ ಎಂದಿಟ್ಟುಕೊಂಡರೆ, ಬಾಗಿಲು ತೆರೆದು ನಿಂತಾಗ ಆ ಚಕ್ರವೊಂದರಿಂದಲೇ ಮೇಲಿನ ಕೀಲನ್ನು 30 ಕಿಲೋ ತೂಕದಷ್ಟು ಬಲ ಹೊರಕ್ಕೆ ಎಳೆಯುತ್ತದೆ. ಕೆಳಗಿನ ಕೀಲನ್ನು ಅಷ್ಟೇ ಬಲ ಒಳಕ್ಕೆ ಒತ್ತುತ್ತದೆ. ಬಾಗಿಲು ಮುಚ್ಚಿದಾಗ ಚಿಲಕವೂ ಹೆಗಲು ಕೊಡುವುದರಿಂದ ಕೀಲಿಗೆ ಸ್ವಲ್ಪ ಬಿಡುವು. ಆದರೆ ಗುಂಡಿಬಿದ್ದ ರಸ್ತೆಯಲ್ಲಿ ಗಾಡಿ ಕುಣಿಯುವಾಗ ಆ 20 ಕಿಲೋ 20 ಕಿಲೋವಾಗಿ ಉಳಿಯುವುದಿಲ್ಲ. ಮೊದಲು ಬಾಗಿಲು ಕೊಂಚ ಇಳಿಯುತ್ತದೆ. ಮುಚ್ಚುವಾಗ ಒಮ್ಮೆ ಎತ್ತಿಕೊಟ್ಟು ತಳ್ಳಬೇಕಾಗುತ್ತದೆ. ಮನೆಯವರು ಅದನ್ನು ಗಾಡಿಯ ಸ್ವಭಾವವೆಂದು ತಿಳಿದು ಸುಮ್ಮನಿರುತ್ತಾರೆ. ಬಳಿಕ ಒಳಗೆ ಧೂಳು ಬರುತ್ತದೆ. ಕೊನೆಗೆ ಬೆಸುಗೆಯ ಅಂಚಿನಲ್ಲಿ ಕೂದಲೆಳೆಯಂಥ ಬಿರುಕು.

ಕಾರ್ಖಾನೆಯವರು ಇದನ್ನೆಲ್ಲ ಲೆಕ್ಕಹಾಕಿಯೇ ಬಾಗಿಲಿನೊಳಗೆ ಗಟ್ಟಿ ಪಟ್ಟಿಗಳನ್ನು ಇಟ್ಟಿರುತ್ತಾರೆ. ಅಪಾಯ ಹುಟ್ಟುವುದು ಒಡೆಯನ ಉತ್ಸಾಹದಿಂದ. ಅಗಲವಾದ, ದೊಡ್ಡದಾದ ಟೈರುಗಳನ್ನು ಹಾಕಿಸಿದವರು ಐದನೆಯದನ್ನೂ ಅದೇ ಅಳತೆಗೆ ತರುತ್ತಾರೆ. 20 ಕಿಲೋಗೆಂದು ಮಾಡಿದ ಬಾಗಿಲು 30 ಕಿಲೋ ಹೊರುತ್ತದೆ. ಇನ್ನು ಕೆಲವರು, ಚಕ್ರ ಹೊರುವುದಕ್ಕೆಂದು ಮಾಡಿಯೇ ಇರದ ಬಾಗಿಲಿಗೆ ತೂತು ಕೊರೆಸಿ, ತೆಳು ತಗಡಿನ ಮೇಲೆ ಬ್ರ್ಯಾಕೆಟ್ಟನ್ನು ಬಿಗಿಸುತ್ತಾರೆ. ತಗಡು ಮಳೆ ತಡೆಯಲಿಕ್ಕಿರುವುದೇ ಹೊರತು ಭಾರ ಹೊರಲಿಕ್ಕಲ್ಲ. ಹೆದ್ದಾರಿಯಲ್ಲಿ ಅದು ಹರಿದು ಚಕ್ರ ಕಳಚಿತೆಂದರೆ ಅದರ ಫಲವನ್ನುಣ್ಣುವವನು ಹಿಂದೆ ಸ್ಕೂಟರಿನಲ್ಲಿ ಬರುವ, ಈ ವ್ಯವಹಾರಕ್ಕೆ ಏನೇನೂ ಸಂಬಂಧವಿಲ್ಲದ ಮನುಷ್ಯ.

ಹಾಕಿಸಲೇಬೇಕೆಂದಿದ್ದರೆ ಬಾಗಿಲಿನ ಒಳಬದಿಗೆ ಅಗಲವಾದ ಉಕ್ಕಿನ ಫಲಕವನ್ನು ಕೊಟ್ಟು, ಹೊರೆಯನ್ನು ಚೌಕಟ್ಟಿಗೂ ಕೀಲಿಗೂ ಮುಟ್ಟಿಸಬೇಕು. ಕೊರೆದ ತೂತಿನ ಅಂಚಿಗೆ ಬಣ್ಣ ಬಳಿಯದಿದ್ದರೆ ಒಂದೆರಡು ಮಳೆಗಾಲಗಳಲ್ಲಿ ತುಕ್ಕು ತನ್ನ ಕೆಲಸ ಮಾಡುತ್ತದೆ. ಟೈರಿಗೂ ಬಾಗಿಲಿಗೂ ನಡುವಿನ ರಬ್ಬರಿನ ಗುಬ್ಬಿಗಳು ಮೇಲ್ನೋಟಕ್ಕೆ ಅಲ್ಪವೆನಿಸಿದರೂ, ಟೈರು ಅವುಗಳ ಮೇಲೆ ತುಸು ಒತ್ತಿ ಕುಳಿತಾಗಲೇ ನಡುಕ ನಿಲ್ಲುವುದು. ನಟ್ಟುಗಳನ್ನು ಮೊದಲ ಕೆಲವು ನೂರು ಕಿಲೋಮೀಟರುಗಳ ನಂತರ ಮತ್ತೊಮ್ಮೆ ಬಿಗಿಯಬೇಕು. ಇವೆಲ್ಲಕ್ಕಿಂತ ಮೇಲಾದ ಉಪಾಯವೊಂದಿದೆ: ಚಕ್ರವನ್ನು ಬಾಗಿಲಿಗೆ ತಗಲಿಸದೆ, ಚಾಸಿಗೆ ಬಿಗಿದ ಬೇರೆಯೇ ತೋಳಿನ ಮೇಲೆ ಕೂರಿಸುವುದು. ಆಗ ಒಂದು ಬಾಗಿಲಿಗೆ ಬದಲು ಎರಡನ್ನು ತೆರೆಯಬೇಕಾಗುತ್ತದೆ. ತರಕಾರಿ ಚೀಲ ಹಿಡಿದು ನಿಂತ ಗೃಹಿಣಿಗೆ ಈ ಉಪಾಯ ಅಷ್ಟೇನೂ ರುಚಿಸುವುದಿಲ್ಲ.

ಬಾಗಿಲು ಯಾವ ಕಡೆಗೆ ತೆರೆಯಬೇಕೆಂಬುದೂ ಸಣ್ಣ ವಿಷಯವಲ್ಲ. ಸುಜುಕಿ ಜಿಮ್ನಿಯ ಕೀಲುಗಳಿರುವುದು ಬಲಗಡೆ. ರಸ್ತೆಯ ಎಡಬದಿಗೆ ಸಂಚರಿಸುವ ಜಪಾನಿನಲ್ಲಿ, ಅಂತೆಯೇ ನಮ್ಮಲ್ಲಿ, ಫುಟ್‌ಪಾತಿನಿಂದ ನೇರವಾಗಿ ಸಾಮಾನು ಇಡಬಹುದು. ಬಲಬದಿಗೆ ಸಂಚರಿಸುವ ಬ್ರೆಜಿಲಿನಲ್ಲಿ ರೂಪುಗೊಂಡು 2013ರಿಂದ 2021ರವರೆಗೆ ಭಾರತದಲ್ಲಿ ಮಾರಾಟವಾದ ಫೋರ್ಡ್ ಇಕೋಸ್ಪೋರ್ಟಿನ ಕೀಲುಗಳು ಎಡಗಡೆ. ಆ ಗಾಡಿಯಿಂದ ಸಾಮಾನಿಳಿಸುವವರು ಬಾಗಿಲನ್ನು ಬಳಸಿಕೊಂಡು, ವಾಹನಗಳು ಹರಿದಾಡುವ ಕಡೆಗೇ ಬರಬೇಕಾಯಿತು. ಇಳಿಜಾರಿನಲ್ಲಿ ಗಾಡಿ ನಿಂತಿದ್ದರಂತೂ ಚಕ್ರದ ಭಾರ ಹೊತ್ತ ಬಾಗಿಲು ಒಮ್ಮೆಲೆ ಬೀಸಿ ಬರುವುದುಂಟು; ಚೌಕಟ್ಟಿನ ಮೇಲೆ ಬೆರಳಿಟ್ಟು ನಿಲ್ಲುವುದು ಮಕ್ಕಳ ಅಭ್ಯಾಸ.

2020ರಲ್ಲಿ ಭಾರತದ ಮೋಟಾರು ವಾಹನ ನಿಯಮಗಳು ತಿದ್ದುಪಡಿಯಾದವು. ಟ್ಯೂಬಿಲ್ಲದ ಟೈರು, ಗಾಳಿಯ ಒತ್ತಡವನ್ನು ತಿಳಿಸುವ ಸಾಧನ, ತೂತು ಮುಚ್ಚುವ ಸಲಕರಣೆ ಇರುವ ಕಾರುಗಳಿಗೆ ಐದನೆಯ ಚಕ್ರ ಕಡ್ಡಾಯವಲ್ಲವೆಂದಾಯಿತು. ಆದರೂ ಬಾಗಿಲ ಮೇಲಿನ ಚಕ್ರದ ಮೋಹ ಕಡಮೆಯಾದಂತಿಲ್ಲ. ಮೋಹವುಳ್ಳವರು ವರ್ಷಕ್ಕೊಮ್ಮೆಯಾದರೂ ಆ ಹುಲಿಮುಖದ ಗವಸನ್ನು ಬಿಚ್ಚಿ ಒಳಗೆ ಗಾಳಿ ಇದೆಯೇ ಎಂದು ನೋಡಿಸುವುದು ಅಪರೂಪ. ಅದು ಬೇಕಾಗುವುದು ರಾತ್ರಿಯ ಹೊತ್ತು, ಘಾಟಿಯ ತಿರುವಿನಲ್ಲಿ. ಎದೆಯೆತ್ತರದಿಂದ ಚಕ್ರವನ್ನು ಇಳಿಸಿಕೊಳ್ಳುವುದು ಹೇಗೋ ಆಗುತ್ತದೆ. ಗಾಳಿ ಹೋದ ಚಕ್ರವನ್ನು ಮತ್ತೆ ಅಷ್ಟೆತ್ತರಕ್ಕೆ ಏರಿಸಿ ಬೋಲ್ಟುಗಳಿಗೆ ಸರಿಗೂಡಿಸುವುದು ಒಬ್ಬಿಬ್ಬರ ಕೆಲಸವಲ್ಲ. ಆಗ ಅದನ್ನು ಹಿಂದಿನ ಆಸನದಲ್ಲಿ ಹಾಸಿಗೆಯ ಸುರುಳಿಗೂ ಅಜ್ಜಿಗೂ ನಡುವೆ ಕೂರಿಸಿಕೊಂಡು ಊರು ಸೇರುತ್ತಾರೆ.