ಬೆಲೆಯೊಳಗಿನ ತೆರಿಗೆ

ಕಳೆದ ಬೇಸಿಗೆಯಲ್ಲಿ ನಮ್ಮ ಮನೆಗೆ ಒಂದು ಸೀಲಿಂಗ್ ಫ್ಯಾನು ಬಂದಿತು. ಇದೇನು ಲೇಖನ ಬರೆಯುವಂಥ ಸಂಗತಿಯೇ ಎಂದು ವಾಚಕ ಮಿತ್ರರು ನಗಬಹುದು. ಆದರೆ ಆ ಫ್ಯಾನಿನ ಸಂಗಡ ಬಂದ ಬಿಲ್ಲು ನನ್ನ ಮೂರು ವರ್ಷಗಳ ಅರ್ಥಶಾಸ್ತ್ರವನ್ನು ಪರೀಕ್ಷಿಸಿ ನಪಾಸು ಮಾಡಿತು. ಅಂದಿನಿಂದ ಒಂದು ಮಾತು ಮನಸ್ಸನ್ನು ಕೊರೆಯುತ್ತಿದೆ. ಅದನ್ನು ಇಲ್ಲಿ ಹೇಳಿಬಿಡುತ್ತೇನೆ.

ನ್ಯಾಮತಿ ತಾಲ್ಲೂಕಿನ ನಮ್ಮ ಹಳ್ಳಿಯಿಂದ ಅಪ್ಪನೂ ನಾನೂ ಹೊನ್ನಾಳಿಗೆ ಹೋಗಿದ್ದೆವು. ಫ್ಯಾನಿಗೆ ತೆರಿಗೆ ಸೇರಿ ೧೭೭೦ ರೂಪಾಯಿ. ಅಪ್ಪ ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವರು. ಬಿಲ್ಲನ್ನು ನನ್ನ ಕೈಗೆ ಕೊಟ್ಟು, ಅಂಗಡಿಯಲ್ಲಿದ್ದ ನಾಲ್ಕು ಜನಕ್ಕೆ ಕೇಳಿಸುವಂತೆ, “ನಮ್ಮ ಹುಡುಗಿ ಬಿ.ಎ. ಕೊನೇ ವರ್ಷ ಐತ್ರಿ. ಇದ್ರಾಗೆ ಸರ್ಕಾರಕ್ಕೆ ಹೋಗೋದು ಎಷ್ಟು ನೋಡವ್ವಾ” ಎಂದರು.

ತೆರಿಗೆ ಶೇಕಡ ೧೮ ಎಂಬುದು ನನಗೆ ಗೊತ್ತಿತ್ತು. ಫೋನಿನಲ್ಲಿ ೧೭೭೦ಕ್ಕೆ ಶೇಕಡ ೧೮ ಹಾಕಿದೆ. ೩೧೮ ರೂಪಾಯಿ ೬೦ ಪೈಸೆ ಬಂದಿತು. ಬಿಲ್ಲಿನಲ್ಲಾದರೋ ಬೆಲೆ ೧೫೦೦, ಕೇಂದ್ರದ ತೆರಿಗೆ ೧೩೫, ರಾಜ್ಯದ ತೆರಿಗೆ ೧೩೫, ಅಂದರೆ ತೆರಿಗೆ ಒಟ್ಟು ೨೭೦ ಎಂದಷ್ಟೇ ಇತ್ತು. ಉಳಿದ ೪೮ ರೂಪಾಯಿ ೬೦ ಪೈಸೆ ಎಲ್ಲಿ ಹೋಯಿತು? ಸಾಹುಕಾರರು ಸರ್ಕಾರದ ಹಣ ನುಂಗುತ್ತಿದ್ದಾರೆಂದು ನಾನು ಗಟ್ಟಿಯಾಗಿಯೇ ಹೇಳಿಬಿಟ್ಟೆ.

ಅವರು ಕೋಪಿಸಿಕೊಳ್ಳಲಿಲ್ಲ. “ನಿನ್ನ ಲೆಕ್ಕದಾಗೆ ಫ್ಯಾನಿನ ಬೆಲೆ ೧೪೫೧ ರೂಪಾಯಿ ೪೦ ಪೈಸೆ ಆತಲ್ಲ? ಅದಕ್ಕೆ ಹದಿನೆಂಟು ಪರ್ಸೆಂಟ್ ಕೂಡ್ಸವ್ವಾ, ೧೭೭೦ ಬರ್ತೈತೇನು ನೋಡಾಣ” ಎಂದರು. ಕೂಡಿಸಿದೆ. ೧೭೧೨ ರೂಪಾಯಿ ೬೫ ಪೈಸೆ ಬಂದಿತು. ಮತ್ತೆ ಮಾಡಿದೆ, ಮತ್ತೆ ಅಷ್ಟೇ. ಅಪ್ಪ ಫ್ಯಾನಿನ ಪೆಟ್ಟಿಗೆಯನ್ನು ಎತ್ತಿಕೊಂಡು ಮೆಟ್ಟಿಲಿಳಿದರು. ಊರಿನ ಗೇಟಿನಲ್ಲಿ ಬಸ್ಸಿಳಿಯುವವರೆಗೂ ಅವರು ಮಾತನಾಡಲಿಲ್ಲ. ಆಮೇಲೆ, “ಆ ಮನುಷ್ಯಗೆ ಸುಮ್ನೆ ಕಳ್ಳ ಅಂದಂಗಾತಲ್ಲವ್ವಾ” ಎಂದರು.

ನನ್ನ ತಪ್ಪು ಇಷ್ಟೇ. ಶೇಕಡ ೧೮ ಎಂಬುದು ಮಾರುವವನು ಇಟ್ಟ ಬೆಲೆಯ ಮೇಲೆ ಹಾಕುವ ತೆರಿಗೆ; ನಾವು ಕೊಟ್ಟ ಮೊತ್ತದ ಮೇಲಲ್ಲ. ೧೦೦ ರೂಪಾಯಿಯ ಸರಕು ತೆರಿಗೆ ಸೇರಿ ೧೧೮ ಆಗುತ್ತದೆ. ಆದ್ದರಿಂದ ೧೧೮ರಲ್ಲಿ ೧೮ ತೆರಿಗೆಯಾದರೆ ೧೭೭೦ರಲ್ಲಿ ಎಷ್ಟು ಎಂದು ಕೇಳಬೇಕಿತ್ತು. ಪ್ರೌಢಶಾಲೆಯಲ್ಲಿ ಕಲಿತ ತ್ರೈರಾಶಿಯೇ ಸಾಕು: ೧೭೭೦ನ್ನು ೧೮ರಿಂದ ಗುಣಿಸಿ ೧೧೮ರಿಂದ ಭಾಗಿಸಿದರೆ ೨೭೦, ಒಂದು ಪೈಸೆಯೂ ಹೆಚ್ಚು ಕಡಿಮೆಯಿಲ್ಲ. ನಾನು ಕಳ್ಳತನವೆಂದುಕೊಂಡ ೪೮ ರೂಪಾಯಿ ೬೦ ಪೈಸೆ ಯಾವುದೆಂದು ಆ ರಾತ್ರಿ ಹುಡುಕಿದೆ. ಅದು ೨೭೦ರ ಶೇಕಡ ೧೮! ತೆರಿಗೆಯ ಮೇಲೂ ತೆರಿಗೆ ಹಾಕಿದವಳು ನಾನು, ಸಾಹುಕಾರರಲ್ಲ.

ಸಾರ್ವಜನಿಕ ಹಣಕಾಸಿನ ಪ್ರಶ್ನೆಪತ್ರಿಕೆಯಲ್ಲಿ ಪ್ರತ್ಯಕ್ಷ ತೆರಿಗೆಗೂ ಪರೋಕ್ಷ ತೆರಿಗೆಗೂ ಇರುವ ಅಂತರಗಳನ್ನು ನಾವೆಲ್ಲ ಬರೆಯುತ್ತೇವೆ, ಅಂಕಗಳನ್ನೂ ಪಡೆಯುತ್ತೇವೆ. ಆದರೆ ಒಂದು ಬಿಲ್ಲನ್ನು ಕರಿಹಲಗೆಯ ಮೇಲೆ ಬರೆದು ಬಿಡಿಸಿದ್ದು ನನಗೆ ನೆನಪಿಲ್ಲ. “ನಾವು ಕಲಾ ವಿದ್ಯಾರ್ಥಿಗಳು, ಲೆಕ್ಕ ನಮಗೆ ಒಗ್ಗದು” ಎಂದು ನಗುವುದು ನಮ್ಮಲ್ಲಿ ಒಂದು ಭೂಷಣವೇ ಆಗಿಹೋಗಿದೆ. ನಮ್ಮ ಮನೆಗಳಲ್ಲಿ ಬಿಲ್ಲು ಓದಬಲ್ಲವರು ನಾವೊಬ್ಬರೇ ಆಗಿರುವಾಗ ಇದು ಭೂಷಣವಲ್ಲ. ಅರ್ಥಶಾಸ್ತ್ರದ ಗುರುಗಳು ವರ್ಷಕ್ಕೆ ಎರಡು ತರಗತಿಗಳನ್ನು ನಿಜವಾದ ಬಿಲ್ಲುಗಳಿಗಾಗಿ ಮೀಸಲಿಡಬೇಕೆಂದು ವಿನಯಪೂರ್ವಕವಾಗಿ ಕೇಳಿಕೊಳ್ಳುತ್ತೇನೆ. ಬಿಲ್ಲುಗಳನ್ನು ನಾವೇ ತರುತ್ತೇವೆ.

ಫೋನೇ ಲೆಕ್ಕ ಮಾಡುವಾಗ ಇದೇಕೆ ಎಂದು ಗೆಳತಿಯೊಬ್ಬಳು ಕೇಳಿದಳು. ನನ್ನ ತಪ್ಪು ಲೆಕ್ಕವನ್ನೂ ಫೋನೇ ಮಾಡಿದ್ದು, ತಾಯಿ! ಅದು ಕೇಳಿದ್ದಕ್ಕೆ ಉತ್ತರ ಕೊಡುತ್ತದೆ. ಏನು ಕೇಳಬೇಕೆಂದು ಹೇಳಿಕೊಡುವುದಿಲ್ಲ.

೨೦೨೫ರ ಸೆಪ್ಟೆಂಬರ್ ೨೨ರಿಂದ ಮೈಸೋಪು, ಟೂತ್‌ಪೇಸ್ಟು, ತಲೆಗೆಣ್ಣೆಗಳ ತೆರಿಗೆ ಶೇಕಡ ೧೮ರಿಂದ ೫ಕ್ಕೆ ಇಳಿಯಿತು. ಹದಿನೆಂಟರಲ್ಲಿ ಐದು ಕಳೆದರೆ ಹದಿಮೂರು, ಆದ್ದರಿಂದ ಬೆಲೆಯೂ ನೂರಕ್ಕೆ ಹದಿಮೂರು ಇಳಿಯಬೇಕೆಂದು ನಮ್ಮಲ್ಲಿ ಅನೇಕರು ವಾದಿಸಿದರು. ೧೧೮ ಇದ್ದದ್ದು ೧೦೫ ಆಗಬೇಕು, ನಿಜ. ಆದರೆ ಆ ೧೩ ರೂಪಾಯಿ ೧೧೮ರಲ್ಲಿ ಇಳಿದದ್ದು, ಸುಮಾರು ಶೇಕಡ ೧೧ ಮಾತ್ರ. ೫೯ ರೂಪಾಯಿಯ ಪೇಸ್ಟು ೫೨ ರೂಪಾಯಿ ೫೦ ಪೈಸೆಗೆ ಬಂದರೆ ಅದು ನ್ಯಾಯದ ಇಳಿಕೆ. ೫೫ಕ್ಕೆ ಮಾರಿದರೆ ಕೇಳುವ ಹಕ್ಕು ನಮಗಿದೆ. ಲೆಕ್ಕ ಬಲ್ಲವನಿಗೆ ಎಲ್ಲಿ ಜಗಳವಾಡಬೇಕು, ಎಲ್ಲಿ ಬಾಯಿ ಮುಚ್ಚಿಕೊಳ್ಳಬೇಕು ಎರಡೂ ತಿಳಿಯುತ್ತದೆ.

ಜಗಳೂರಿನ ಕಡೆಯ ಸಹಪಾಠಿಯೊಬ್ಬನಿಗೆ ಇದನ್ನು ಹೇಳಿದಾಗ, ಮೆಕ್ಕೆಜೋಳಕ್ಕೆ ಹಾಕುವ ಗೊಬ್ಬರದ ಮಾತು ಬಂದಿತು. ಗೊಬ್ಬರಕ್ಕೆ ತೆರಿಗೆ ಶೇಕಡ ೫. ತೆರಿಗೆ ಸೇರಿದ ಮೊತ್ತದಲ್ಲಿ ಅದು ಸರಿಯಾಗಿ ಇಪ್ಪತ್ತೊಂದರಲ್ಲಿ ಒಂದು ಪಾಲು. ೧೩೫೦ ರೂಪಾಯಿ ಕೊಟ್ಟು ಒಂದು ಚೀಲ ತಂದರೆ ಅದರಲ್ಲಿ ೬೪ ರೂಪಾಯಿ ೨೯ ಪೈಸೆ ತೆರಿಗೆ. ಗೊಬ್ಬರದಂಗಡಿಯವರು ತಾವು ಕೊಳ್ಳುವಾಗ ತೆತ್ತ ತೆರಿಗೆಯನ್ನು, ಮಾರುವಾಗ ಕಟ್ಟಬೇಕಾದದ್ದರಲ್ಲಿ ಕಳೆದುಕೊಳ್ಳಬಹುದು. ರೈತನಿಗೆ ಆ ದಾರಿಯಿಲ್ಲ. ಅವನು ಜೋಳ ಮಾರುವಾಗ ತೆರಿಗೆ ವಸೂಲು ಮಾಡುವವನಲ್ಲವಾದ್ದರಿಂದ, ಗೊಬ್ಬರಕ್ಕೆ ತೆತ್ತದ್ದು ಅವನ ತಲೆಯ ಮೇಲೆಯೇ ಉಳಿಯುತ್ತದೆ. “ರೈತರು ತೆರಿಗೆ ಕಟ್ಟುವುದಿಲ್ಲ” ಎಂದು ಪಟ್ಟಣದ ಬಂಧುಗಳು ಹಂಗಿಸುವುದನ್ನು ನಾನು ಕೇಳಿದ್ದೇನೆ. ಹತ್ತು ಚೀಲ ಗೊಬ್ಬರ ತಂದವನು ೬೪೨ ರೂಪಾಯಿ ೮೬ ಪೈಸೆ ಕಟ್ಟಿರುತ್ತಾನೆ. ಅವನಿಗೂ ಅದು ಗೊತ್ತಿಲ್ಲ, ಹಂಗಿಸುವವರಿಗೂ ಗೊತ್ತಿಲ್ಲ.

ಈ ಲೆಕ್ಕ ಎಲ್ಲ ಕಡೆಯೂ ನಡೆಯದೆಂಬುದನ್ನೂ ಹೇಳಬೇಕು. ಚನ್ನಗಿರಿಯ ಗೆಳತಿಯ ತಂದೆ ಕಿರಾಣಿ ವ್ಯಾಪಾರಿಗಳು, ರಾಜಿ ತೆರಿಗೆಯ ಪದ್ಧತಿಗೆ ಸೇರಿದವರು. ಅಂಥವರು ವಹಿವಾಟಿನ ಶೇಕಡ ೧ನ್ನು ತಮ್ಮ ಗಂಟಿನಿಂದ ಕಟ್ಟಬೇಕು. ಬಿಲ್ಲಿನಲ್ಲಿ ಗಿರಾಕಿಯಿಂದ ತೆರಿಗೆ ವಸೂಲು ಮಾಡುವಂತಿಲ್ಲ. ಅಲ್ಲಿ ನನ್ನ ತ್ರೈರಾಶಿ ಹೂಡಿದರೆ ಮತ್ತೊಮ್ಮೆ ಅವಮಾನ! ಸೋಪು, ಬಿಡಿ ಅಕ್ಕಿ, ಫ್ಯಾನು ಒಂದೇ ಬಿಲ್ಲಿನಲ್ಲಿದ್ದರೆ ಒಂದೊಂದನ್ನೂ ಬೇರೆ ಮಾಡಿಕೊಳ್ಳಬೇಕು, ಬಿಡಿ ಅಕ್ಕಿಗಂತೂ ತೆರಿಗೆಯೇ ಇಲ್ಲ. ಪೆಟ್ರೋಲು ಜಿ.ಎಸ್.ಟಿ.ಯ ಹೊರಗೆ, ಅದರಲ್ಲಿ ಕೇಂದ್ರದ ಸುಂಕ ಲೀಟರಿಗೆ ಇಷ್ಟೆಂದು, ರಾಜ್ಯದ ಮಾರಾಟ ತೆರಿಗೆ ಶೇಕಡ ಇಷ್ಟೆಂದು.

ಮಾರಾಟ ತೆರಿಗೆ ನಮಗೇನೂ ಹೊಸದಲ್ಲ. ಏಕೀಕರಣದ ಮರುವರ್ಷವೇ, ೧೯೫೭ರಲ್ಲಿ, ಮೈಸೂರು ಮಾರಾಟ ತೆರಿಗೆ ಕಾಯಿದೆ ಬಂದಿತು; ೨೦೦೫ರ ಏಪ್ರಿಲ್‌ನಲ್ಲಿ ವ್ಯಾಟು; ೨೦೧೭ರ ಜುಲೈ ೧ರಿಂದ ಜಿ.ಎಸ್.ಟಿ. ಅಪ್ಪ ಮೂರಕ್ಕೂ ಹಣ ಕೊಟ್ಟಿದ್ದಾರೆ. ಎಷ್ಟೆಂದು ಯಾರೂ ಅವರಿಗೆ ಹೇಳಿರಲಿಲ್ಲ.

ಜೂನಿನಲ್ಲಿ ಹೊನ್ನಾಳಿಗೆ ಹೋದಾಗ ಆ ಅಂಗಡಿಗೆ ಹೋಗಿ ತಪ್ಪಾಯಿತೆಂದು ಹೇಳಿ ಬಂದೆ. ಸಾಹುಕಾರರು ನಕ್ಕು ಚಹಾ ತರಿಸಿದರು. ಮನೆಯಲ್ಲಿ ಅಪ್ಪ ಬಿಲ್ಲುಗಳನ್ನು ಗೋಡೆಯ ತಂತಿಗೆ ಚುಚ್ಚಿಡುತ್ತಾರೆ. ನಾನು ರಜೆಗೆ ಹೋದಾಗ ಒಂದೊಂದಾಗಿ ತೆಗೆದು ಮುಂದಿಡುತ್ತಾರೆ. ಕಳೆದ ಸಲ ಗೊಬ್ಬರದ ಬಿಲ್ಲನ್ನು ಕೊಡುವ ಮೊದಲೇ, “ಇಪ್ಪತ್ತೊಂದ್ರಾಗೆ ಒಂದು ಅಲ್ಲೇನವ್ವಾ?” ಎಂದು ಕೇಳಿದರು.